ಯುದ್ಧಕಾವ್ಯವೂ ಹೆಸರಿಲ್ಲದ ಸಿಪಾಯಿಗಳೂ

ಗಡಿಯಲ್ಲಿ ಯೋಧರು ಮಡಿದರೆಂಬ ವಾರ್ತೆ ಬಂದ ಪ್ರತಿಯೊಂದು ವಾರವೂ ನಮ್ಮ ಮೇಜಿನ ಮೇಲೆ ಪದ್ಯಗಳು ಬಂದು ಬೀಳುತ್ತವೆ. ಬರೆದವರು ಬಹುಮಟ್ಟಿಗೆ ತರುಣರು; ಅವರ ಭಾವವು ನಿರ್ಮಲವಾದುದು; ದೇಶದ ಮೇಲಿನ ಅವರ ಪ್ರೀತಿಯನ್ನು ನಾವು ಎಳ್ಳಷ್ಟೂ ಸಂದೇಹಿಸುವವರಲ್ಲ. ಆದರೂ ಆ ಪದ್ಯಗಳನ್ನು ಒಂದರ ಮೇಲೊಂದು ಓದುತ್ತ ಹೋದಂತೆ ನಮ್ಮ ಮನಸ್ಸಿಗೆ ಒಂದು ಬಗೆಯ ಕಸಿವಿಸಿಯುಂಟಾಗುತ್ತದೆ. ಎಲ್ಲದರಲ್ಲಿಯೂ ನೆತ್ತರು ಕುಂಕುಮವಾಗುತ್ತದೆ, ಹೆಣವು ಹೂವಾಗುತ್ತದೆ, ವೀರಸ್ವರ್ಗದ ಬಾಗಿಲು ತೆರೆಯುತ್ತದೆ, ತಾಯಿಯು ಅಳದೆ ಹೆಮ್ಮೆಯಿಂದ ನಗುತ್ತಾಳೆ. ಮಡಿದವನ ಹೆಸರೇನು, ಅವನ ಊರಾವುದು, ಅವನು ಯಾವ ಬೆಟ್ಟದ ಮೇಲೆ ಎಂತಹ ಚಳಿಯಲ್ಲಿ ಎಷ್ಟು ಹೊತ್ತು ನರಳಿದನು ಎಂಬುದು ಮಾತ್ರ ಒಂದರಲ್ಲಿಯೂ ಇರುವುದಿಲ್ಲ. ಆ ತಾಯಿಯು ನಿಜವಾಗಿಯೂ ನಕ್ಕಳೇ ಎಂದು ಕೇಳಿದವರೂ ಇಲ್ಲ. ಇಂತಹ ಪದ್ಯದಲ್ಲಿ ಸತ್ತವನು ಯಾರು ಬೇಕಾದರೂ ಆಗಬಹುದು. ಆದುದರಿಂದಲೇ ಅವನು ಯಾರೂ ಅಲ್ಲ.

ಯುದ್ಧದಲ್ಲಿ ಸಾಯುವ ತರುಣನ ವಿಷಯದಲ್ಲಿ ಕವಿಯು ಹೇಗೆ ಮಾತನಾಡಬೇಕು? ಇದು ಕೇವಲ ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲ. ಕವಿಯ ಮಾತನ್ನು ನಂಬಿ ನಾಳೆ ಮತ್ತೊಬ್ಬ ಹುಡುಗನು ಹೊರಡುತ್ತಾನೆ. ಕವಿಯ ಮಾತನ್ನು ಹಿಡಿದು ಮನೆಯವರು ತಮ್ಮ ಬರಿದಾದ ಜಗಲಿಯನ್ನು ನೋಡುತ್ತ ಬದುಕಬೇಕಾಗುತ್ತದೆ. ಈ ಪ್ರಶ್ನೆಯನ್ನು ೧೯೧೪ರಿಂದ ೧೯೧೮ರ ವರೆಗಿನ ಮಹಾಯುದ್ಧದಲ್ಲಿ ಆಂಗ್ಲ ಕವಿಗಳು ತಮ್ಮ ಪ್ರಾಣವನ್ನೇ ಒತ್ತೆಯಿಟ್ಟು ಚರ್ಚಿಸಿದರು. ಆ ಚರ್ಚೆಯು ನಮಗೆ ಪರಕೀಯವಲ್ಲ. ಏಕೆಂದರೆ ಅದೇ ಯುದ್ಧದಲ್ಲಿ ನಮ್ಮವರೂ ಸತ್ತರು. ಅವರ ಸಾವನ್ನು ಯಾರು ಹೇಗೆ ಹಾಡಿದರೆಂಬುದನ್ನು ವಾಚಕರು ನಮ್ಮೊಡನೆ ಸ್ವಲ್ಪ ಸಮಾಧಾನದಿಂದ ವಿಚಾರಿಸಬೇಕೆಂದು ಬೇಡುತ್ತೇವೆ.

ಮೊದಲನೆಯವನು ರೂಪರ್ಟ್ ಬ್ರೂಕ್. ಸುಂದರನು, ಕೇಂಬ್ರಿಜ್ಜಿನಲ್ಲಿ ಓದಿದವನು, ಯುದ್ಧವು ಪ್ರಾರಂಭವಾದ ಕೂಡಲೆ ನೌಕಾದಳದ ಕಾಲಾಳು ಪಡೆಯನ್ನು ಸೇರಿದವನು. ೧೯೧೪ರ ಕೊನೆಯಲ್ಲಿ ಅವನು ಐದು ಸುನೀತಗಳನ್ನು ಬರೆದನು. ಅವುಗಳಲ್ಲಿ ಬಹು ಪ್ರಸಿದ್ಧವಾದುದು ಪರದೇಶದಲ್ಲಿ ಸಾಯುವ ಯೋಧನ ಬಾಯಿಂದ ಹೇಳಿಸಿದುದು: ತಾನು ಹೂತುಹೋದ ನೆಲದ ತುಣುಕು ತನ್ನ ದೇಶವೇ ಆಗಿಬಿಡುವುದೆಂಬುದು ಅದರ ಭಾವ. ೧೯೧೫ರ ಏಪ್ರಿಲ್ ೪ರ ಈಸ್ಟರ್ ಹಬ್ಬದ ದಿನ ಲಂಡನ್ನಿನ ಸೇಂಟ್ ಪಾಲ್ ಮಹಾದೇವಾಲಯದ ವೇದಿಕೆಯಿಂದ ಅದನ್ನು ಓದಲಾಯಿತು. ಅದೇ ತಿಂಗಳ ೨೩ರಂದು ಬ್ರೂಕನು ಗಲಿಪೊಲಿಗೆ ಹೋಗುವ ದಾರಿಯಲ್ಲಿ ಸತ್ತನು. ಅವನನ್ನು ಕೊಂದುದು ಶತ್ರುವಿನ ಗುಂಡಲ್ಲ. ಒಂದು ಸೊಳ್ಳೆಯ ಕಡಿತದಿಂದ ನಂಜೇರಿದ ರಕ್ತ. ವಯಸ್ಸು ೨೭. ಗ್ರೀಸಿನ ಸ್ಕೀರೋಸ್ ದ್ವೀಪದ ಆಲಿವ್ ತೋಪಿನಲ್ಲಿ ಅವನನ್ನು ಹೂತರು. ಮೂರು ದಿನಗಳ ಮೇಲೆ, ಆಗ ನೌಕಾಖಾತೆಯ ಮುಖ್ಯನಾಗಿದ್ದ ಚರ್ಚಿಲನು ‘ಟೈಮ್ಸ್’ ಪತ್ರಿಕೆಯಲ್ಲಿ ಅವನ ಗುಣಗಾನ ಮಾಡಿದನು. ಸೊಳ್ಳೆಯ ಮಾತನ್ನು ಜನರು ಮರೆತರು, ಸುನೀತವು ಉಳಿಯಿತು. ಬ್ರೂಕನು ಸುಳ್ಳು ಹೇಳಿದನೆಂದು ನಾವು ಹೇಳುವುದಿಲ್ಲ. ಅವನು ಕಂಡಿದ್ದ ಯುದ್ಧವು ಅಷ್ಟೇ: ಆಂಟ್‌ವರ್ಪಿನ ಕೆಲವು ದಿನಗಳ ಹಿಂತೆಗೆತ. ಕಾಣದುದನ್ನು ಅವನು ಕಲ್ಪಿಸಿದನು. ಕಲ್ಪಿಸಿದುದನ್ನು ಸರಕಾರವು ಬಳಸಿಕೊಂಡಿತು.

ಎರಡನೆಯವನು ವಿಲ್‌ಫ್ರೆಡ್ ಓವೆನ್. ಇವನು ಕಂಡೇ ಬರೆದವನು. ಫ್ರಾನ್ಸಿನ ಕಂದಕಗಳ ಕೆಸರಿನಲ್ಲಿ ನಿಂತು, ತೋಪಿನ ಹೊಡೆತಕ್ಕೆ ಮನಸ್ಸು ಕದಡಿ, ೧೯೧೭ರಲ್ಲಿ ಎಡಿನ್‌ಬರೊ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದನು. ಅಲ್ಲಿಯೇ ಸೀಗ್‌ಫ್ರೀಡ್ ಸಸೂನನ ಗೆಳೆತನವಾಯಿತು. ಸಸೂನನು ಶೌರ್ಯಪದಕವನ್ನು ಪಡೆದ ಅಧಿಕಾರಿಯಾಗಿದ್ದೂ, ಈ ಯುದ್ಧವನ್ನು ಬೇಕೆಂದೇ ಬೆಳೆಸಲಾಗುತ್ತಿದೆಯೆಂದು ಬಹಿರಂಗವಾಗಿ ಸಾರಿದ್ದವನು. ಅವನ ಸಹವಾಸದಲ್ಲಿ ಓವೆನ್ನನ ದನಿಯು ಗಟ್ಟಿಯಾಯಿತು. ಅವನ ಹೆಸರಾದ ಪದ್ಯದಲ್ಲಿ ವಿಷವಾಯುವಿನ ದಾಳಿಯಾಗುತ್ತದೆ. ಎಲ್ಲರೂ ಮುಖವಾಡ ಹಾಕಿಕೊಳ್ಳುತ್ತಾರೆ. ಒಬ್ಬನಿಗೆ ಮಾತ್ರ ಹೊತ್ತು ಸಾಲುವುದಿಲ್ಲ. ಅವನು ಸಾಯುವ ರೀತಿಯನ್ನು ಕವಿಯು ಬಿಡದೆ ಹೇಳಿ, ಕೊನೆಗೆ ಮನೆಯಲ್ಲಿ ಕುಳಿತು ಹುಡುಗರನ್ನು ಹುರಿದುಂಬಿಸುವವರ ಕಡೆಗೆ ತಿರುಗುತ್ತಾನೆ: ನೀವು ಇದನ್ನು ಕಂಡಿದ್ದರೆ, ದೇಶಕ್ಕಾಗಿ ಸಾಯುವುದು ಮಧುರವೆಂಬ ಆ ಹಳೆಯ ಲ್ಯಾಟಿನ್ ವಾಕ್ಯವನ್ನು ಮಕ್ಕಳಿಗೆ ಕಲಿಸುತ್ತಿರಲಿಲ್ಲ ಎಂಬುದು ಅವನ ಅಭಿಪ್ರಾಯ. ಮೊದಲು ಆ ಪದ್ಯವನ್ನು ಅವನು ಅರ್ಪಿಸಲೆಣಿಸಿದ್ದುದು ದಂಡಿಗೆ ಸೇರಿರೆಂದು ಪತ್ರಿಕೆಗಳಲ್ಲಿ ಪದ್ಯ ಹೊಸೆಯುತ್ತಿದ್ದ ಜೆಸ್ಸಿ ಪೋಪ್ ಎಂಬ ಲೇಖಕಿಗೆ.

ಆ ಲ್ಯಾಟಿನ್ ವಾಕ್ಯದ ಕಥೆಯೂ ಕೇಳತಕ್ಕದ್ದಾಗಿದೆ. ಅದನ್ನು ಬರೆದವನು ರೋಮಿನ ಹೊರೇಸ್ ಕವಿ. ಆತನು ಕ್ರಿಸ್ತಪೂರ್ವ ೪೨ರ ಫಿಲಿಪ್ಪಿ ಕಾಳಗದಲ್ಲಿ ಸೋತ ಪಕ್ಷದ ಕಡೆಯಿಂದ ಕಾದಿದ್ದನು. ಗುರಾಣಿಯನ್ನು ಬಿಸುಟು ಓಡಿದೆನೆಂದು ತಾನೇ ಬೇರೊಂದು ಪದ್ಯದಲ್ಲಿ ಒಪ್ಪಿಕೊಂಡಿದ್ದಾನೆ. ಓಡಿಬಂದವನು ಬರೆದ ವಾಕ್ಯವನ್ನು ಎರಡು ಸಾವಿರ ವರ್ಷಗಳ ಮೇಲೆ ಶಾಲೆಗಳ ಗೋಡೆಯ ಮೇಲೆ ಕೆತ್ತಿದರು. ಅದನ್ನು ಸುಳ್ಳೆಂದವನಾದರೋ ಓಡಲಿಲ್ಲ. ಓವೆನ್ನನು ಗುಣಹೊಂದಿ ಮತ್ತೆ ರಣಕ್ಕೆ ಹೋದನು, ಶೌರ್ಯಪದಕಕ್ಕೆ ಪಾತ್ರನಾದನು, ೧೯೧೮ರ ನವೆಂಬರ್ ೪ರಂದು ಫ್ರಾನ್ಸಿನ ಸಾಂಬ್ರ್ ಕಾಲುವೆಯನ್ನು ದಾಟಿಸುವಾಗ ತನ್ನ ಜನರ ನಡುವೆ ಗುಂಡು ತಗಲಿ ಸತ್ತನು. ವಯಸ್ಸು ೨೫. ಯುದ್ಧವು ನಿಲ್ಲಲು ಒಂದೇ ವಾರವಿದ್ದಿತು. ನವೆಂಬರ್ ೧೧ರಂದು ಶ್ರೂಸ್‌ಬರಿ ಊರಿನಲ್ಲಿ ವಿಜಯದ ಗಂಟೆಗಳು ಬಾರಿಸುತ್ತಿದ್ದಾಗ ತಂತಿಯು ಅವನ ತಾಯಿಯ ಕೈಸೇರಿತು. ಮರುಕದ ಕವಿತೆಯು ಸೈನ್ಯದ ಧೈರ್ಯವನ್ನು ಕುಗ್ಗಿಸುವುದೆಂದು ಹೇಳುವವರು ಈ ಮರಣವನ್ನು ನೆನೆಯಬೇಕು. ಮರುಕಕ್ಕೂ ಪೌರುಷಕ್ಕೂ ವೈರವಿಲ್ಲ. ಯುದ್ಧವನ್ನು ಸಿಂಗರಿಸುವ ಕೆಲಸವು ಹೆಚ್ಚಾಗಿ ಅದರಿಂದ ದೂರವಿರುವವರಿಂದಲೇ ನಡೆಯುತ್ತದೆ.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯಿದೆ. ೧೯೨೦ರಲ್ಲಿ ರವೀಂದ್ರನಾಥ ಠಾಕೂರರಿಗೆ ಓವೆನ್ನನ ತಾಯಿಯು ಪತ್ರವೊಂದನ್ನು ಬರೆದಳು. ಮಗನು ಕೊನೆಯ ಬಾರಿ ಮನೆಯಿಂದ ಹೊರಟಾಗ ಠಾಕೂರರ ‘ಗೀತಾಂಜಲಿ’ಯ ಮಾತುಗಳನ್ನೇ ಆಡಿ ಬೀಳ್ಕೊಂಡನೆಂದೂ, ಹಿಂದಿರುಗಿ ಬಂದ ಅವನ ಕಿರುಪುಸ್ತಕದಲ್ಲಿ ಆ ಮಾತುಗಳು ಅವನ ಕೈಬರಹದಲ್ಲಿಯೇ ಇದ್ದುವೆಂದೂ ಆಕೆ ತಿಳಿಸಿದಳು. ಆಳುವ ಜನಾಂಗದ ಯೋಧನೊಬ್ಬನು ಸಾಯಹೋಗುವಾಗ ಆಳಿಸಿಕೊಳ್ಳುವ ನಾಡಿನ ಕವಿಯ ಮಾತನ್ನು ಬುತ್ತಿಯಂತೆ ಕಟ್ಟಿಕೊಂಡು ಹೋದನು. ಅವನು ಆರಿಸಿಕೊಂಡುದು ವೀರಸ್ವರ್ಗದ ಮಾತನ್ನಲ್ಲ. ಲೋಕವನ್ನು ಕಂಡು ತಣಿದವನು ಬೀಳ್ಕೊಳ್ಳುವ ಶಾಂತವಾದ ಮಾತನ್ನು. ಕವಿಯ ನಿಜವಾದ ಉಪಕಾರವು ಇಂತಹದೆಂದು ನಮಗೆ ತೋರುತ್ತದೆ.

ಇದಕ್ಕೆ ಪ್ರತಿವಾದವಿಲ್ಲದಿಲ್ಲ. ಐರ್ಲಂಡಿನ ಮಹಾಕವಿ ಯೇಟ್ಸನು ೧೯೩೬ರಲ್ಲಿ ಆಕ್ಸ್‌ಫರ್ಡಿನವರಿಗಾಗಿ ಆಧುನಿಕ ಕವಿತೆಗಳ ಸಂಕಲನವನ್ನು ಸಿದ್ಧಪಡಿಸುವಾಗ ಓವೆನ್ನನನ್ನು ಬೇಕೆಂದೇ ಹೊರಗಿಟ್ಟನು. ಬರಿಯ ಸಂಕಟವನ್ನು ಅನುಭವಿಸುವುದು ಕಾವ್ಯದ ವಸ್ತುವಾಗಲಾರದೆಂಬುದು ಆತನ ವಾದ. ಈ ವಾದವನ್ನು ತಳ್ಳಿಹಾಕುವ ಮೊದಲು ನಮ್ಮ ಮನೆಯ ಕಾವ್ಯವನ್ನು ತೆರೆದು ನೋಡೋಣ. ಹತ್ತನೆಯ ಶತಮಾನದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸುತ್ತಾನೆ. ಆತನು ಅಭಿಮನ್ಯುವಿನ ಶವವನ್ನು ಕಂಡಾಗ, ಶತ್ರುವಿನ ಮಗನೆಂಬುದನ್ನು ಮರೆತು ಆ ಬಾಲಕನ ಪರಾಕ್ರಮವನ್ನು ಹೊಗಳಿ, ಅಂತಹ ಸಾವು ತನಗೂ ಬರಲೆಂದು ಬಯಸುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣಕುಮಾರನ ಶವ ಕಂಡಾಗಲಾದರೋ, ತರ್ಪಣದ ಕ್ರಮವೇ ತಲೆಕೆಳಗಾಯಿತಲ್ಲಾ ಎಂದು ಕುಸಿಯುತ್ತಾನೆ. ಒಂದೇ ಸಂಧಿಯಲ್ಲಿ ವೀರವೂ ಕರುಣವೂ ಕೈಹಿಡಿದು ನಿಂತಿವೆ. ವ್ಯಾಸಭಾರತದಲ್ಲಿಯೂ ಹದಿನೆಂಟು ದಿನಗಳ ಕಾಳಗದ ಹಿಂದೆಯೇ ಸ್ತ್ರೀಪರ್ವವಿದೆ. ಅಲ್ಲಿ ಅಭಿಮನ್ಯುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಉತ್ತರೆಯನ್ನು ಗಾಂಧಾರಿಯು ಕಾಣುತ್ತಾಳೆ. ಹೆಂಗಸರು ಅಳುವವರೆಗೆ ಭಾರತದ ಯುದ್ಧವು ಮುಗಿಯಲಿಲ್ಲ. ನಮ್ಮ ಪತ್ರಿಕೆಗಳ ಪದ್ಯಗಳಾದರೋ ಕಾಳಗದ ಪರ್ವಗಳಿಂದ ಒಮ್ಮೆಲೆ ಸ್ವರ್ಗಾರೋಹಣಕ್ಕೆ ಹಾರುತ್ತವೆ. ನಡುವಣ ಸ್ತ್ರೀಪರ್ವವನ್ನು ಹರಿದು ಬಿಸುಟಿವೆ.

ದುರ್ಯೋಧನನ ಆ ದುಃಖವು ಆಂಗ್ಲರಲ್ಲಿ ಒಬ್ಬ ಕವಿಗೆ ಅಕ್ಷರಶಃ ಬಂದಿತು. ಸಾಮ್ರಾಜ್ಯದ ಹಿರಿಮೆಯನ್ನು ಹಾಡಿ ಹೆಸರಾದ ರುಡ್ಯಾರ್ಡ್ ಕಿಪ್ಲಿಂಗನು ದೃಷ್ಟಿಮಾಂದ್ಯವಿದ್ದ ತನ್ನ ಒಬ್ಬನೇ ಮಗನನ್ನು ದೊಡ್ಡವರ ಪರಿಚಯವನ್ನು ಬಳಸಿ ದಂಡಿಗೆ ಸೇರಿಸಿದನು. ೧೯೧೫ರ ಸೆಪ್ಟೆಂಬರಿನಲ್ಲಿ ಲೂಸ್ ಕಾಳಗದಲ್ಲಿ ಆ ಹುಡುಗನು ಕಾಣೆಯಾದನು. ವಯಸ್ಸು ೧೮. ತಂದೆಯು ಬದುಕಿರುವವರೆಗೂ ಶವವು ಸಿಕ್ಕಲಿಲ್ಲ. ಆಮೇಲೆ ಕಿಪ್ಲಿಂಗನು ಯುದ್ಧಸಮಾಧಿಗಳ ಆಯೋಗದಲ್ಲಿ ದುಡಿದನು. ಅವರ ಹೆಸರು ಎಂದೆಂದಿಗೂ ಬಾಳುವುದೆಂಬ ಅರ್ಥದ ಧರ್ಮಗ್ರಂಥವಾಕ್ಯವನ್ನು ಸ್ಮಶಾನಗಳ ಕಲ್ಲಿನ ಮೇಲೆ ಕೆತ್ತಿಸಲು ಆರಿಸಿಕೊಟ್ಟವನು ಅವನೇ. ೧೯೧೯ರಲ್ಲಿ ಅವನು ಬರೆದ ಕಿರಿದಾದ ಸಮಾಧಿಲೇಖಗಳಲ್ಲಿ ಫ್ರಾನ್ಸಿನಲ್ಲಿ ಮಡಿದ ಹಿಂದೂ ಸಿಪಾಯಿಯೊಬ್ಬನಿಗೂ ಎರಡು ಸಾಲುಗಳಿವೆ. ಅವುಗಳಲ್ಲಿ ಕೃತಜ್ಞತೆಯಿದೆ, ಆದರೆ ಆ ಸಿಪಾಯಿಯು ಯಾವ ದೇವರಿಗೆ ಕೈಮುಗಿಯುತ್ತಿದ್ದನೆಂಬುದು ತಮಗೆ ತಿಳಿಯದೆಂಬ ಒಪ್ಪಿಗೆಯೂ ಇದೆ. ಹೆಸರಂತೂ ಇಲ್ಲವೇ ಇಲ್ಲ. ತಿಳಿಯದೆಂಬುದನ್ನು ಒಪ್ಪಿಕೊಂಡ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ; ಕೇಳಿ ತಿಳಿಯಲು ಏನು ಅಡ್ಡಿಯಿದ್ದಿತೆಂದೂ ಕೇಳುತ್ತೇವೆ.

ಏಕೆಂದರೆ ಕೇಳುವುದಕ್ಕೆ ಜನ ಕಡಮೆಯಿರಲಿಲ್ಲ. ಆ ಯುದ್ಧಕ್ಕಾಗಿ ಹಿಂದುಸ್ಥಾನದಿಂದ ಕಡಲಾಚೆಗೆ ಹೋದವರು ಹತ್ತು ಲಕ್ಷಕ್ಕೂ ಮಿಕ್ಕವರು; ಸತ್ತವರು ಸುಮಾರು ೭೪ ಸಾವಿರ. ಫ್ರಾನ್ಸಿನ ನೂವ್ ಶಾಪೆಲ್ ಎಂಬಲ್ಲಿಯ ಸ್ಮಾರಕವು ೪,೭೦೦ಕ್ಕೂ ಹೆಚ್ಚು ಮಂದಿಯ ನೆನಪಿಗಾಗಿ ೧೯೨೭ರಲ್ಲಿ ತೆರೆಯಿತು, ಅಲ್ಲಿ ಹೆಸರುಗಳಿವೆ. ಆದರೆ ಇರಾಕಿನ ಬಸ್ರಾದಲ್ಲಿ ೧೯೨೯ರಲ್ಲಿ ತೆರೆದ ಸ್ಮಾರಕವನ್ನು ನೋಡಿರಿ. ೪೦ ಸಾವಿರಕ್ಕೂ ಹೆಚ್ಚು ಮಂದಿಗಾಗಿ ನಿಂತ ಆ ಗೋಡೆಯ ಮೇಲೆ ಬ್ರಿಟಿಷರ ಹೆಸರುಗಳನ್ನು ಕೊರೆದರು. ನಮ್ಮ ಸಾಮಾನ್ಯ ಸಿಪಾಯಿಗಳನ್ನಾದರೋ ದಂಡಿನ ಹೆಸರಿನ ಕೆಳಗೆ ಇಷ್ಟು ಜನರೆಂದು ಸಂಖ್ಯೆಯಲ್ಲಿ ತೋರಿಸಿ ಮುಗಿಸಿದರು. ಹೆಸರು ಎಂದೆಂದಿಗೂ ಬಾಳುವುದೆಂದು ಸಾರಿದ ಆಯೋಗವೇ ಹೆಸರನ್ನು ಕೆತ್ತಲಿಲ್ಲ. ಒಂದು ಶತಮಾನ ಕಳೆದ ಮೇಲೆ, ೨೦೨೧ರಲ್ಲಿ, ಆ ಆಯೋಗವು ತನ್ನದೇ ವಿಚಾರಣಾ ವರದಿಯ ಮೂಲಕ ಈ ಭೇದವನ್ನು ಒಪ್ಪಿಕೊಂಡು ಕ್ಷಮೆ ಬೇಡಿತು. ಬ್ರೂಕನ ಸುನೀತದಂತೆ ಆಂಗ್ಲನು ಬಿದ್ದ ನೆಲವೆಲ್ಲ ಇಂಗ್ಲಂಡೇ ಆಗುವುದಾದರೆ, ಬಸ್ರಾದಲ್ಲಿ ಬಿದ್ದ ಸಿಪಾಯಿಯ ನೆಲವು ಯಾರದಾಯಿತು? ಅವನು ಬಿದ್ದುದರಿಂದ ಅದು ಹಿಂದುಸ್ಥಾನವಾಗಲಿಲ್ಲ. ಆಗಲೆಂದು ನಾವು ಬಯಸುವುದೂ ಇಲ್ಲ. ಅಲ್ಲಿಯವರ ನೆಲವು ಅಲ್ಲಿಯವರದೇ. ಸಾವಿನ ನೆವದಿಂದ ಪರರ ನೆಲಕ್ಕೆ ಹಕ್ಕುಸಾಧಿಸುವ ಕಾವ್ಯವು ಎಷ್ಟೇ ಇಂಪಾಗಿದ್ದರೂ ಅದರ ಬೇರಿನಲ್ಲಿ ಸಾಮ್ರಾಜ್ಯದ ಆಸೆಯಿದೆ.

ನಮ್ಮವರು ಹಾಡಲೇ ಇಲ್ಲವೆಂದಲ್ಲ. ಸರೋಜಿನಿ ನಾಯಿಡು ಅವರು ೧೯೧೫ರಲ್ಲಿಯೇ ಭಾರತಮಾತೆಯ ಬಾಯಿಂದ ಮಕ್ಕಳ ಬಲಿದಾನವನ್ನು ನೆನಪುಮಾಡಿಕೊಡುವ ಇಂಗ್ಲಿಷ್ ಪದ್ಯವನ್ನು ಬರೆದರು. ಹಿಂದಿಯಲ್ಲಿ ಗುಲೇರಿಯವರ ‘ಉಸನೇ ಕಹಾ ಥಾ’ ಎಂಬ ಕಥೆಯು ಅದೇ ವರ್ಷ ಫ್ರಾನ್ಸಿನ ಕಂದಕದಲ್ಲಿದ್ದ ಸಿಖ್ ಸೈನಿಕರನ್ನು ಮನುಷ್ಯರಾಗಿ ತೋರಿಸಿತು. ಮುಲ್ಕ್‌ರಾಜ್ ಆನಂದರು ೧೯೪೦ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಅದೇ ಕೆಸರನ್ನು ಹಳ್ಳಿಯ ಹುಡುಗನೊಬ್ಬನ ಕಣ್ಣಿನಿಂದ ಕಂಡರು. ಆದರೆ ಎಲ್ಲಕ್ಕಿಂತ ಮಿಗಿಲಾದ ಕವಿತೆಯನ್ನು ಬರೆದವರು ಸಿಪಾಯಿಗಳೇ ಎಂದು ನಮ್ಮ ನಂಬಿಕೆ. ಅವರ ಕಾಗದಗಳನ್ನು ಸರಕಾರದವರು ಒಡೆದು ಓದುತ್ತಿದ್ದರು. ಆ ಓದಿನ ಟಿಪ್ಪಣಿಗಳು ಲಂಡನ್ನಿನ ಗ್ರಂಥಾಲಯದಲ್ಲಿ ಇಂದಿಗೂ ಉಳಿದಿವೆ. ಸತ್ಯವನ್ನು ನೇರವಾಗಿ ಬರೆಯಲಾರದೆ ಕೆಲವರು ಮೆಣಸಿನ ಮಾತನ್ನು ತೆಗೆದರು: ಕರಿಮೆಣಸು ತೀರುತ್ತ ಬಂದಿದೆ, ಇನ್ನು ಕೆಂಪುಮೆಣಸನ್ನು ಬಳಸುತ್ತಿದ್ದಾರೆ ಎಂಬಂತೆ. ಕರಿಯದೆಂದರೆ ನಮ್ಮವರು, ಕೆಂಪೆಂದರೆ ಬಿಳಿಯರು. ಅರೆದು ಹಾಕುವ ಸಾಮಾನಿನಂತೆ ಮನುಷ್ಯರು ಖರ್ಚಾಗುತ್ತಿರುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಕವಿಯು ಹೇಳಿಯಾನು? ಈ ರೂಪಕವು ಮನೆಯವರಿಗೆ ನಿಜವನ್ನು ಮುಟ್ಟಿಸಬೇಕೆಂಬ ತವಕದಿಂದ ಹುಟ್ಟಿತು. ನಮ್ಮ ಮೇಜಿನ ಮೇಲಿನ ಪದ್ಯಗಳ ರೂಪಕಗಳು ನಿಜವನ್ನು ಮುಚ್ಚಲು ಹುಟ್ಟಿದವು. ವ್ಯತ್ಯಾಸವು ಇಷ್ಟೇ, ಆದರೆ ಇಷ್ಟು ಸಾಕು.

ಇನ್ನು ನಮ್ಮ ಕನ್ನಡನಾಡಿನ ಮಾತು. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರು ಸಂಸ್ಥಾನದ ಕುದುರೆಪಡೆಯು ಜೋಧಪುರದ ಪಡೆಯೊಡನೆ ಪ್ಯಾಲೆಸ್ತೀನಿನ ಹೈಫಾ ಪಟ್ಟಣದ ಮೇಲೆ ಏರಿಹೋಯಿತು. ಎದುರಿಗೆ ತೋಪುಗಳು, ಯಂತ್ರದ ಬಂದೂಕುಗಳು. ಇವರ ಕೈಯಲ್ಲಿ ಈಟಿ ಮತ್ತು ಕತ್ತಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಮೈಯನ್ನು ಹತ್ತಿ ಮೇಲಿನ ತೋಪುಗಳನ್ನು ಹಿಡಿದರು. ಜೋಧಪುರದವರು ತಮ್ಮ ನಾಯಕ ದಲಪತಸಿಂಹನನ್ನು ಕಳೆದುಕೊಂಡೂ ಊರೊಳಕ್ಕೆ ನುಗ್ಗಿದರು. ಸಾವಿರಕ್ಕೂ ಹೆಚ್ಚು ಸೆರೆಯಾಳುಗಳೂ ೧೭ ತೋಪುಗಳೂ ಕೈಸೇರಿದವು. ಪಡೆಗಳಲ್ಲಿ ಮಡಿದವರು ೮, ಗಾಯಗೊಂಡವರು ೩೪. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ೧೯೨೨ರಲ್ಲಿ ನಿಂತ ಆ ಚೌಕಕ್ಕೆ ೨೦೧೮ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರು ಓವೆನ್ನನ ಪದ್ಯವನ್ನು ಬಲ್ಲರು. ಅವನು ಸತ್ತ ಕಾಲುವೆಯನ್ನೂ ಬಲ್ಲರು. ಅದಕ್ಕೆ ಆರು ವಾರ ಮೊದಲು ಹೈಫಾದಲ್ಲಿ ಬಿದ್ದ ಕುದುರೆಸವಾರರಲ್ಲಿ ಒಬ್ಬನ ಹೆಸರನ್ನಾದರೂ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಅಂದು ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳೆಂದು ಹರಿದುಹೋಗಿದ್ದಿತು. ೧೯೫೬ರಲ್ಲಿ ನೆಲವು ಒಂದುಗೂಡಿತು. ಬೇರೆಬೇರೆ ಕಡತಗಳಲ್ಲಿ ಚದುರಿದ ಸತ್ತವರು ಮಾತ್ರ ನಮ್ಮ ನೆನಪಿನಲ್ಲಿ ಇನ್ನೂ ಒಂದುಗೂಡಲಿಲ್ಲ.

ಹೈಫಾದ ಕವಿತೆಯನ್ನು ಬರೆಯಹೋಗುವವನು ಮತ್ತೊಂದು ಪ್ರಶ್ನೆಯನ್ನೂ ಎದುರಿಸಬೇಕು. ಆ ಸವಾರನು ಯಾರಿಗಾಗಿ ಸತ್ತನು? ತನಗೆ ವೈರಿಯಲ್ಲದ ತುರ್ಕನ ಮೇಲೆ, ತನ್ನದಲ್ಲದ ಊರಿಗಾಗಿ, ತನ್ನನ್ನು ಆಳುವವರ ಅಪ್ಪಣೆಯಂತೆ ಅವನು ಕುದುರೆಯನ್ನು ಓಡಿಸಿದನು. ಆ ಗೆಲುವಿಗೆ ಏಳು ತಿಂಗಳು ತುಂಬುವ ಮೊದಲೇ, ೧೯೧೯ರ ಏಪ್ರಿಲ್ ೧೩ರಂದು, ಅದೇ ಆಳರಸರು ಜಲಿಯನ್‌ವಾಲಾ ಬಾಗಿನಲ್ಲಿ ಗುಂಡಿನ ಮಳೆಗರೆದರು. ಸವಾರನ ಧೈರ್ಯವು ದೊಡ್ಡದು. ಅವನನ್ನು ಕಳುಹಿಸಿದ ಕಾರಣವು ದೊಡ್ಡದಲ್ಲ. ಈ ಎರಡು ಮಾತುಗಳನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಪದ್ಯವು ನಮಗೆ ಬೇಕು. ಒಂದನ್ನೇ ಹೇಳುವುದು ಜಯಕಾರ. ಇನ್ನೊಂದನ್ನೇ ಹೇಳುವುದು ಸತ್ತವನಿಗೆ ಅಪಮಾನ.

ಇದಕ್ಕೆ ಮಾದರಿಯನ್ನು ಹುಡುಕಿ ನಾವು ಕಡಲು ದಾಟಬೇಕಾಗಿಲ್ಲ. ಊರ ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಮ್ಮ ವೀರಗಲ್ಲುಗಳು ನಿಂತಿವೆ. ಅವುಗಳ ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರೂ ಇದ್ದಾರೆ, ಕೈಲಾಸವೂ ಇದೆ. ನಮ್ಮ ಹಿರಿಯರೂ ಸಾವನ್ನು ಸಿಂಗರಿಸಿದರೆಂಬುದನ್ನು ನಾವು ಮರೆಮಾಚುವುದಿಲ್ಲ. ಬರಹವಿಲ್ಲದ ಕಲ್ಲುಗಳೂ ಬೇಕಾದಷ್ಟಿವೆ. ಆದರೆ ಬರಹವಿರುವ ಕಡೆ ಕಲ್ಲುಕುಟಿಗನು ಎಷ್ಟು ಎಚ್ಚರಿಕೆಯಿಂದ ಮಾತನಾಡುತ್ತಾನೆ! ಯಾವ ಅರಸನ ಕಾಲ, ಯಾವ ಊರು, ಕಾಳಗವು ಏತಕ್ಕಾಯಿತು, ತುರುಗಳನ್ನು ಹಿಡಿದುದಕ್ಕೋ ಊರನ್ನು ಸೂರೆಗೊಂಡುದಕ್ಕೋ, ಸತ್ತವನು ಯಾರ ಮಗನು, ಕಲ್ಲನ್ನು ನಿಲ್ಲಿಸಿದವರು ಯಾರು, ಅವನ ಮನೆಯವರಿಗೆ ನೆತ್ತರುಕೊಡಗೆಯಾಗಿ ಬಿಟ್ಟ ಭೂಮಿ ಎಷ್ಟು. ಬೆಂಗಳೂರೆಂಬ ಹೆಸರು ನಮಗೆ ಮೊದಲು ಸಿಕ್ಕುವುದು ಬೇಗೂರಿನ ಕಲ್ಲೊಂದರಲ್ಲಿ. ಸುಮಾರು ೮೯೦ರ ಆ ಬರಹವು ಬೆಂಗಳೂರ ಕಾಳಗದಲ್ಲಿ ಸತ್ತವನ ಸುದ್ದಿ. ಸತ್ತವನನ್ನು ಮರೆಯಬಾರದೆಂದು ಕೆತ್ತಿದ ಕಲ್ಲು ಒಂದು ಮಹಾನಗರದ ಹೆಸರನ್ನೇ ಕಾಪಾಡಿತು. ಬಸ್ರಾದ ಗೋಡೆಯನ್ನು ಕಟ್ಟಿದ ಚಕ್ರಾಧಿಪತ್ಯವು ಮಾಡದೆಹೋದುದನ್ನು ಸಾವಿರ ವರ್ಷಗಳ ಹಿಂದೆ ಹಳ್ಳಿಯ ಕಲ್ಲುಕುಟಿಗನು ಮಾಡಿದ್ದನು.

ಆದುದರಿಂದ ನಮಗೆ ಪದ್ಯಗಳನ್ನು ಕಳುಹಿಸುವ ತರುಣಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟು. ನೀವು ಬರೆಯಿರಿ, ನಿಮ್ಮನ್ನು ತಡೆಯುವುದು ನಮ್ಮ ಉದ್ದೇಶವಲ್ಲ. ಆದರೆ ಬರೆಯುವ ಮೊದಲು ಆ ಕಲ್ಲುಕುಟಿಗನು ಕೇಳಿದಷ್ಟನ್ನಾದರೂ ಕೇಳಿರಿ: ಹೆಸರು, ಊರು, ಕಾರಣ, ಮನೆಯಲ್ಲಿ ಉಳಿದವರಾರು, ಅವರಿಗೆ ಸಂದುದೇನು. ಸಾಧ್ಯವಿದ್ದರೆ ಆ ಮನೆಗೆ ಹೋಗಿ ತಾಯಿಯ ಎದುರಿಗೆ ಸುಮ್ಮನೆ ಸ್ವಲ್ಪ ಹೊತ್ತು ಕುಳಿತುಬನ್ನಿರಿ. ಆಮೇಲೂ ಅವಳು ನಗುತ್ತಿದ್ದಳೆಂದು ನಿಮಗೆ ಕಂಡರೆ ಹಾಗೆಯೇ ಬರೆಯಿರಿ, ನಾವು ಅಚ್ಚುಹಾಕುತ್ತೇವೆ. ಬೆಂಗಳೂರಿನಲ್ಲಿರುವವರು ಜೆ. ಸಿ. ನಗರದಲ್ಲಿರುವ ಮೈಸೂರು ಕುದುರೆಪಡೆಯ ಸ್ಮಾರಕಕ್ಕೆ ಒಂದು ದಿನ ಹೋಗಿ, ಕಲ್ಲಿನ ಮೇಲೆ ಇರುವುದನ್ನು ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿರಿ. ಹೂವಿನ ಹಾರವನ್ನು ವರ್ಷಕ್ಕೊಮ್ಮೆ ಯಾರು ಬೇಕಾದರೂ ಹಾಕಬಹುದು. ಓದುವ ಕೆಲಸವು ನಮ್ಮದು, ನಿಮ್ಮದು. ಪರದೇಶದ ಮಣ್ಣಿನಲ್ಲಿ ಬಿದ್ದವನನ್ನು ಮನೆಗೆ ಕರೆತರಲು ಕವಿಗೆ ಇರುವುದು ಒಂದೇ ದಾರಿ. ಅದು ಅವನನ್ನು ಹೆಸರುಹಿಡಿದು ಕೂಗುವುದು.